ಬ್ಯಾಟರಿ ಚಿಕ್ಕಪ್ಪನ ಮನೆಯ ಸತ್ತ ಸೆಲ್ಲು

ನಮ್ಮ ಚಿಕ್ಕಪ್ಪನಂಥ ಜಿಪುಣರು ಇಡೀ ಬಳ್ಳಾರಿಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ, ನೀವೇ ಹೇಳಿ! ಸಿರುಗುಪ್ಪ ರಸ್ತೆಯಲ್ಲಿ ಅವರದು ಲಾರಿ ಬ್ಯಾಟರಿ ಅಂಗಡಿ. ಅದು ಅದಿರಿನ ಭರಾಟೆಯ ಕಾಲ. ರಸ್ತೆ ಕಾಣದಷ್ಟು ಲಾರಿ, ಲಾರಿ ಕಾಣದಷ್ಟು ಕೆಂಪು ಧೂಳು. ಆ ಲಾರಿಗಳ ಸತ್ತ ಬ್ಯಾಟರಿಗಳೆಲ್ಲ ಬೆಳಗ್ಗೆ ಚಿಕ್ಕಪ್ಪನ ಅಂಗಡಿ ಮುಂದೆ ಬಂದು ಸಾಲಾಗಿ ಕೂರುತ್ತಿದ್ದವು, ಸಂಜೆ ಹೊತ್ತಿಗೆ ಜೀವ ತುಂಬಿಕೊಂಡು ಹೋಗುತ್ತಿದ್ದವು. ಇಂಥ ಮಹಾನುಭಾವರ ಮನೆಯ ಕಂಪ್ಯೂಟರಿನೊಳಗೆ ರೂಪಾಯಿ ಬಿಲ್ಲೆಯಷ್ಟಗಲದ ಒಂದು ಸೆಲ್ಲು ಸತ್ತಿತ್ತು. ಅದನ್ನು ಬದಲಿಸಲು ಅವರು ಸುತರಾಂ ಒಪ್ಪುತ್ತಿರಲಿಲ್ಲ!

ಚಿಕ್ಕಪ್ಪನ ಪ್ರಕಾರ ಜಗತ್ತಿನ ಎಲ್ಲ ಕಾಯಿಲೆಗೂ ಕಾರಣ ಬ್ಯಾಟರಿ. ಮಗು ಅಳುತ್ತಿದ್ದರೆ "ಚಾರ್ಜ್ ಜಾಸ್ತಿ ಆಗೈತಿ," ಮುದುಕರು ತೂಕಡಿಸಿದರೆ "ನೀರು ಕಡಿಮಿ ಆಗೈತಿ." ಆಸಿಡ್ ಹಾರಿ ಹಾರಿ ಅವರ ಒಂದು ಅಂಗಿಯೂ ನೆಟ್ಟಗೆ ಉಳಿದಿರಲಿಲ್ಲ. "ಇವರ ಅಂಗಿ ಹಿಟ್ಟು ಸೋಸಾಕ ಬರ್ತಾವು ನೋಡು," ಅನ್ನುತ್ತಿದ್ದರು ಚಿಕ್ಕಮ್ಮ. ದೇವರು, ದಿಂಡರು, ರಾಹುಕಾಲ ಯಾವುದನ್ನೂ ಚಿಕ್ಕಪ್ಪ ನಂಬಿದವರಲ್ಲ. ಅಂಗಡಿ ಶುರು ಮಾಡಿದ್ದೇ ಅಮಾವಾಸ್ಯೆಯ ದಿನ, ಅದೂ ರಾಹುಕಾಲದಲ್ಲಿ. ಯಾಕೆ ಅಂದರೆ, "ಆ ಹೊತ್ತಿನಾಗ ಬ್ಯಾರೆ ಅಂಗಡಿ ಮುಚ್ಚಿರತಾವಲೇ, ಗಿರಾಕಿ ಎಲ್ಲಿಗೆ ಹೋಗ್ತಾನ?" ಎಂದಿದ್ದರು.

ಆ ಕಾಲದಲ್ಲಿ ಗಾಂಧಿನಗರದ ಓಣಿಯಲ್ಲಿ ಒಬ್ಬರ ಮನೆ ಮುಂದೆ ಉದ್ದನೆಯ ಕಾರು ಬಂದು ನಿಂತರೆ, ಇನ್ನೊಬ್ಬರ ಮನೆಯ ಮೇಲೆ ಮತ್ತೊಂದು ಅಂತಸ್ತು ಏಳುತ್ತಿತ್ತು. ನಮ್ಮ ಚಿಕ್ಕಪ್ಪ ತಂದದ್ದು ಕಂಪ್ಯೂಟರ್. ಅದೂ ಹಳೆಯದು. ಅದಿರು ತೂಗುವ ಕಾಟಾದವರು ಹೊಸದು ತರಿಸಿಕೊಂಡಾಗ, ಅವರ ಹಳೆಯದನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಕೂರಿಸಿದ್ದರು. ಲಾರಿ ತೂಗಿ ತೂಗಿ ಅದಕ್ಕೂ ಸುಸ್ತಾಗಿತ್ತೇನೋ, ಬಂದ ದಿನದಿಂದಲೇ ಏದುಸಿರು ಬಿಡುತ್ತಿತ್ತು.

ತಂದದ್ದು ಚಿಕ್ಕಮ್ಮನಿಗಾಗಿ. ಚಿಕ್ಕಮ್ಮ ಕುರುಗೋಡಿನ ಹೆಣ್ಣುಮಗಳು. ಆಕೆ ಜೋಳದ ರೊಟ್ಟಿ ಬಡಿಯುವ ಸದ್ದು ಮೂರು ಮನೆ ಆಚೆಗೂ ಕೇಳುತ್ತಿತ್ತು. ಹಿಂದಿನ ವರ್ಷ ಆಕೆಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲೂ ಹೇಗೋ ಸುಧಾರಿಸಿತು. ಆದರೆ ಬಲಗೈ ಮಾತ್ರ ಮುಷ್ಟಿ ಬಿಗಿದುಕೊಂಡು ಮಡಿಲಲ್ಲೇ ಉಳಿಯಿತು. "ಆಡಿಸ್ತಾ ಇದ್ದರೆ ಕೈ ಬರ್ತದೆ, ಹಾಗೇ ಬಿಟ್ಟರೆ ಹೋದಂತೆಯೇ," ಎಂದು ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. "ನಾನೇನು ಸಣ್ಣ ಹುಡಿಗೀ ಏನ್ರಿ, ಚೆಂಡಾಡಾಕ?" ಎಂದು ಚಿಕ್ಕಮ್ಮ ಅದನ್ನು ಪಕ್ಕದ ಮನೆ ಮಕ್ಕಳಿಗೆ ದಾನ ಮಾಡಿಬಿಟ್ಟರು. ಇನ್ನು ನಾವೋ! ಆಕೆ ನೀರಿನ ಲೋಟದ ಕಡೆ ಕೈ ಚಾಚಿದರೆ ಸಾಕು, ಮನೆಯಲ್ಲಿದ್ದವರೆಲ್ಲ ಎದ್ದುಬಿದ್ದು ಓಡಿ ಲೋಟ ತೆಗೆದು ಬಾಯಿಗೇ ಹಿಡಿಯುತ್ತಿದ್ದೆವು. ಆ ಕೈಗೆ ಕೆಲಸವೇ ಇಲ್ಲದಂತಾಯಿತು.

ಹೊತ್ತು ಹೋಗಲಿ ಎಂದು ಚಿಕ್ಕಪ್ಪ ಆಕೆಗೆ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ತೋರಿಸಿಕೊಟ್ಟರು. ಮದುವೆಗೆ ಮುಂಚೆ ತಮ್ಮನ ಇಸ್ಪೀಟು ಎಲೆಗಳನ್ನು ಒಲೆಗೆ ಹಾಕಿದ ಹೆಣ್ಣುಮಗಳು ಆಕೆ! ಈಗ ಎಡಗೈಲಿ ಮೌಸ್ ಹಿಡಿದು ಆಟೀನು ರಾಜ ಎಲ್ಲಿ ಅಡಗಿದ್ದಾನೆ ಎಂದು ಹುಡುಕುತ್ತಿದ್ದರು. ಕೇಳಿದರೆ, "ಇದು ಜೂಜಲ್ಲಪಾ, ಎಲಿ ಹೊಂದಸೋದು," ಎನ್ನುತ್ತಿದ್ದರು.

ಅಷ್ಟರಲ್ಲಿ ಶುರುವಾಯಿತು ಧೂಳಿನ ಕಾಟ. ಕಿಟಕಿ ಮುಚ್ಚಿದರೂ, ಹಳೆಯ ಸೀರೆ ಹೊದಿಸಿದರೂ ಅದಿರಿನ ಧೂಳು ಕಂಪ್ಯೂಟರಿನ ಮೂಗು ಬಾಯಿಯೊಳಗೆಲ್ಲ ಸೇರಿಕೊಂಡಿತು. ಚಿಕ್ಕಪ್ಪ ಏನು ಮಾಡಿದರು ಗೊತ್ತೆ? ಗುಜರಿಗೆ ಹೋಗಲಿದ್ದ ಯಾವುದೋ ಲಾರಿಯ ಟೇಪ್ ರೆಕಾರ್ಡರಿನ ಸ್ಪೀಕರ್ ಒಡೆದು, ಅಂಗೈ ಅಗಲದ ಅಯಸ್ಕಾಂತ ತಂದರು. ನಾನು ಹಚ್ಚೊಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ಸಿರುಗುಪ್ಪದಲ್ಲಿ. ಭಾನುವಾರ ನೋಡಲು ಬಂದವನು "ಬ್ಯಾಡ್ರಿ ಚಿಕ್ಕಪ್ಪ!" ಎಂದು ಕೂಗಿಕೊಂಡೆ.

"ಅದಿರು ಅಂದ್ರ ಏನು? ಕಬ್ಬಿಣ. ಕಬ್ಬಿಣ ಯಾವುದಕ್ಕ ಹತ್ತತೈತಿ? ಅಯಸ್ಕಾಂತಕ್ಕ. ಮಾಸ್ತರಾಗಿ ಇಷ್ಟು ಗೊತ್ತಿಲ್ಲೇನಲೇ ನಿನಗ?" ಎಂದವರೇ ಟೀವಿಯಂಥ ಆ ಮಾನಿಟರಿನ ಮುಖಕ್ಕೇ ಅಯಸ್ಕಾಂತ ಹಚ್ಚಿ ಸವರಿಬಿಟ್ಟರು. ಧೂಳು ಒಂದು ಕಣವೂ ಬರಲಿಲ್ಲ. ಪರದೆಯ ಒಂದು ಮೂಲೆ ಮಾತ್ರ ನೇರಳೆ, ಹಸಿರು ಬಣ್ಣಕ್ಕೆ ತಿರುಗಿ, ಅಲ್ಲೊಂದು ಗಿಳಿ ಬಂದು ಕೂತಂತೆ ಕಾಣತೊಡಗಿತು. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅವರಿಗೆ ಎಳ್ಳಷ್ಟೂ ಬೇಜಾರಿಲ್ಲ. "ಕೊಟ್ಟವ್ನು ಕಲರ್ ಐತಿ ಅಂತ ಹೇಳೇ ಕೊಟ್ಟಿದ್ದ, ಈಗ ನೋಡು, ಪೂರಾ ಬಂತು!" ಎಂದರು.

ಇದಾದ ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಶುರುವಾಗುವುದೇ ನಿಂತಿತು. ಸ್ವಿಚ್ ಹಾಕಿದರೆ ಕರೀ ಪರದೆ, ಮೇಲೆ ಬಿಳೀ ಅಕ್ಷರ, ಅಷ್ಟೆ. ಓಣಿಯ ತಜ್ಞರೆಲ್ಲ ಬಂದು ಹೋದರು. ಕುರುಗೋಡಿನಿಂದ ಚಿಕ್ಕಮ್ಮನ ತಮ್ಮ ಬಂದ. ಅವನದು ಎರಡು ಲಾರಿ. ಡಬ್ಬದ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, "ಸೆಲ್ಫ್ ಹೊಡೀವಲ್ದು ಮಾವಾ. ಲಾರಿ ಆಗಿದ್ರ ನಾಕು ಮಂದಿ ನೂಕಿ ಎಬ್ಬಸ್ತಿದ್ವಿ," ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದ. ಚಿಕ್ಕಪ್ಪ ಅದರ ಮುಂದೆ ಕೂತು "ಲೇರಾ ನಾಯನಾ, ಲೇ!" ಎಂದು, ಅಂದರೆ ಏಳಪ್ಪಾ ಏಳು ಎಂದು, ತೆಲುಗಿನಲ್ಲಿ ರಮಿಸುತ್ತಿದ್ದರು. ತೆಲುಗು ಯಾಕೆ ಅಂದರೆ, ಆಂಧ್ರದ ಡ್ರೈವರುಗಳು ಹಾಗೆ ಹೇಳಿಯೇ ಮೊಂಡು ಲಾರಿ ಎಬ್ಬಿಸುವುದನ್ನು ಅವರು ಕಣ್ಣಾರೆ ಕಂಡಿದ್ದರಂತೆ!

ಕೊನೆಗೆ ನನ್ನನ್ನು ಕರೆಸಿದರು. ಇಲಾಖೆಯವರು ಕೊಟ್ಟ ಕಂಪ್ಯೂಟರ್ ತರಬೇತಿಯಲ್ಲಿ ಮಧ್ಯಾಹ್ನದ ಊಟದವರೆಗೆ ಎಚ್ಚರವಾಗಿದ್ದವನು ನಾನು, ಹಾಗಾಗಿ ಮನೆತನಕ್ಕೇ ದೊಡ್ಡ ಪಂಡಿತ. ನೋಡಿದರೆ ರೋಗ ಏನೂ ದೊಡ್ಡದಲ್ಲ. ಕರೆಂಟು ಇಲ್ಲದಾಗಲೂ ತಾರೀಖು, ಗಂಟೆ ನೆನಪಿಡಲು ಒಳಗೊಂದು ಸೆಲ್ಲು ಇರುತ್ತದೆ. ಅದು ಸತ್ತಿದೆ. ಬೆಳಗ್ಗೆ ಎದ್ದಾಗ ಯಂತ್ರಕ್ಕೆ ಏನೂ ನೆನಪಿರುವುದಿಲ್ಲ, ಗಾಬರಿಯಾಗಿ ನಿಂತುಬಿಡುತ್ತದೆ. "ಎಫ್ ಒನ್ ಗುಂಡಿ ಒತ್ತಿದರೆ ಮುಂದೆ ಹೋಗುತ್ತೇನೆ," ಎಂದು ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿದೆ, ಪಾಪ! ಒತ್ತಿದೆ. ಕಂಪ್ಯೂಟರ್ ಎದ್ದು ಕೂತಿತು.

"ಸೆಲ್ಲು ಬದಲಿ ಮಾಡಿದ್ರ ಈ ಕಾಟ ಇರಂಗಿಲ್ಲ. ಮುಂದಿನ ವಾರ ತರ್ತೀನಿ," ಎಂದೆ.

ಚಿಕ್ಕಪ್ಪ ಪರದೆ ನೋಡಿದರು, ಆ ಗುಂಡಿ ನೋಡಿದರು, ಗೋಡೆ ನೋಡಿದರು. "ಈಗ ಬ್ಯಾಡ," ಎಂದರು. "ಆಷಾಢ ಐತಿ."

ಆಷಾಢ! ಇವರ ಬಾಯಲ್ಲಿ! ಆಷಾಢ ಮುಗಿಯಿತು, ಪಿತೃಪಕ್ಷ ಬಂತು. ಅದೂ ಮುಗಿಯಿತು, ಗ್ರಹಣ ಬಂತು. ನಾನು ಪ್ರತಿ ಸಲ ಕೇಳುವುದು, ಅವರು ಪ್ರತಿ ಸಲ ಗೋಡೆಗೆ ನೇತುಹಾಕಿದ ಪಂಚಾಂಗದ ಕಡೆ ಕೈ ತೋರಿಸುವುದು. ಅಷ್ಟೇ ಅಲ್ಲ, ಹೊಸದೊಂದು ಶಾಸ್ತ್ರ ಹುಟ್ಟಿಸಿದರು. ಆಯುಧ ಪೂಜೆಗೆ ಹಾರ ಹಾಕಿ ಕುಂಕುಮ ಹಚ್ಚಿದ ಸಾಮಾನಂತೆ ಇದು. ಅದಕ್ಕೇ ಕಂಡಕಂಡವರು ಗುಂಡಿ ಒತ್ತಬಾರದು. ಮನೆಯ ಮುತ್ತೈದೆಯ ಬಲಗೈಯಿಂದಲೇ ಚಾಲೂ ಆಗಬೇಕು. "ಎಡಗೈಲೆ ದೀಪ ಹಚ್ತಾರೇನಲೇ ಯಾರರ?" ಎಂದು ನನ್ನನ್ನೇ ಗದರಿಸಿದರು. ಒಂದು ಸಲ ನಾನು ತಡೆಯಲಾರದೆ ಪಕ್ಕದಿಂದ ಬೆರಳು ಹಾಕಿ ಎಫ್ ಒನ್ ಒತ್ತಿಬಿಟ್ಟೆ. ಅವರು ಕೂಡಲೇ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ, "ಈಗ ಆಕಿ ಒತ್ತಲಿ," ಎಂದರು. ಜಿಪುಣತನಕ್ಕೆ ಈಗ ಮಡಿಯೂ ಸೇರಿಕೊಂಡಿತಲ್ಲಪ್ಪ ಎಂದು ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ನಾನೇ ಗಟ್ಟಿ ಮನಸ್ಸು ಮಾಡಿದೆ. ಒಂದು ಭಾನುವಾರ ಸೆಲ್ಲು ಕೊಂಡುಕೊಂಡು, ಚಿಕ್ಕಪ್ಪ ಅಂಗಡಿಗೆ ಹೋದ ಹೊತ್ತು ನೋಡಿ ಮನೆಗೆ ಹೋದೆ. ಡಬ್ಬ ಬಿಚ್ಚಿ, ಕೆಂಪು ಧೂಳು ಊದಿ, ಹೊಸ ಸೆಲ್ಲು ಕೂರಿಸಿ, ತಾರೀಖು ಸರಿಮಾಡಿದೆ. ಆರಿಸಿ ಮತ್ತೆ ಹಾಕಿದೆ. ಕರೀ ಪರದೆ ಇಲ್ಲ, ಬಿಳೀ ಅಕ್ಷರ ಇಲ್ಲ, ಸೀದಾ ಶುರುವಾಯಿತು! ಚಿಕ್ಕಮ್ಮ ಶಭಾಷ್ ಅನ್ನುತ್ತಾರೆ ಎಂದು ತಿರುಗಿದೆ. ಆಕೆ ಕುರ್ಚಿ ಎಳೆದುಕೊಂಡು ಕೂತು, ಬಲಗೈಯನ್ನು ಎಡಗೈಲಿ ಎತ್ತಿ ಕೀಬೋರ್ಡಿನ ಹತ್ತಿರ ತಂದಿಟ್ಟುಕೊಂಡಿದ್ದರು.

"ಇದೇನಪಾ, ಇವತ್ತು ನನ್ನ ಕೇಳಲೇ ಇಲ್ಲ?" ಎಂದರು.

"ಇನ್ನ ಮ್ಯಾಲೆ ಕೇಳಂಗಿಲ್ಲ ಚಿಕ್ಕಮ್ಮ. ಆ ಗುಂಡಿ ಒತ್ತೋ ಕಾಟ ತಪ್ಪಿತು ನಿಮಗ."

ಆಕೆ ಬಲಗೈಯನ್ನು ಮತ್ತೆ ಮಡಿಲಿಗೆ ಇಳಿಸಿಕೊಂಡರು. "ತೆಗಿ ಅದನ್ನ," ಎಂದರು ಆಮೇಲೆ. "ಹಳೇದನ್ನೇ ಹಾಕಿಬಿಡು. ಅವರು ಊಟಕ್ಕ ಬರೋದರೊಳಗ."

ನನಗೆ ತಲೆಬುಡ ತಿಳಿಯಲಿಲ್ಲ. ಚಿಕ್ಕಮ್ಮ ನಕ್ಕುಬಿಟ್ಟರು. "ಬ್ಯಾಟರಿ ಅಂಗಡಿ ಇಟ್ಟ ಮನುಷ್ಯಾಗ ಸೆಲ್ಲು ಹಾಕಸೋದು ದೊಡ್ಡ ಮಾತೇನಪಾ? ಬೇಕಂತ ಬಿಟ್ಟಾರ. ಇಷ್ಟು ವರ್ಷ ಸಂಸಾರ ಮಾಡೀನಿ, ಒಂದಿನಾ ರಾಹುಕಾಲ ನೋಡಿದವರಲ್ಲ. ಈಗ ನನ್ನ ಕೈ ಸಲುವಾಗಿ ಪಂಚಾಂಗ ಹಿಡ್ಕೊಂಡು ಸುಳ್ಳು ಹೇಳ್ತಾರ. ಅದೂ ಸರಿಯಾಗಿ ಬರಂಗಿಲ್ಲ, ಸೋಮವಾರದ ರಾಹುಕಾಲ ಶುಕ್ರವಾರಕ್ಕ ಹೇಳ್ತಾರ!"

"ನಿಮಗ ಗೊತ್ತೈತಿ ಅಂತ ಅವರಿಗೆ ಗೊತ್ತೇನು?"

"ಇಲ್ಲ. ಗೊತ್ತಾಗೋದೂ ಬ್ಯಾಡ." ಆಕೆ ತಮ್ಮ ಬಲಗೈಯನ್ನೇ ನೋಡುತ್ತ ಹೇಳಿದರು. "ನೀವೆಲ್ಲಾರೂ ಒಳ್ಳೇರೇ. ನಾ ಕೈ ಚಾಚಿದ್ರ ಓಡಿ ಬರ್ತೀರಿ, ಕೈಯಾಗಿನ ಕೆಲಸ ಕಸಗೊಂಡು ಮಾಡ್ತೀರಿ. ಇದೊಂದು ಕಸಗೊಳ್ಳಂಗಿಲ್ಲಪಾ. ನಾ ಒತ್ತೋ ತನಕ ಸುಮ್ನ ಕುಂತಿರತೈತಿ. ಬೇಸರ ಮಾಡ್ಕೊಳ್ಳಂಗಿಲ್ಲ, ಅಯ್ಯೋ ಪಾಪ ಅನ್ನಂಗಿಲ್ಲ. ಇಲ್ಲಿ ನೋಡು." ಬಿಗಿದ ಮುಷ್ಟಿಯಿಂದ ತೋರುಬೆರಳೊಂದು ಮೆಲ್ಲಗೆ, ನಡುಗುತ್ತ ಬಿಚ್ಚಿಕೊಂಡು ನೆಟ್ಟಗಾಯಿತು. ಮೊದಲು ಅದು ಆಗುತ್ತಿರಲಿಲ್ಲ. ಆ ಕೈಯಿಂದ ಲೋಟ ಕಿತ್ತುಕೊಂಡವರಲ್ಲಿ ನಾನೇ ಎಲ್ಲರಿಗಿಂತ ಮುಂದೆ ಇದ್ದವನು.

ಸೆಲ್ಲು ತೆಗೆದೆ. ಸತ್ತದ್ದನ್ನು ಅದರ ಜಾಗದಲ್ಲಿ ಕೂರಿಸಿ ಡಬ್ಬ ಮುಚ್ಚುವಷ್ಟರಲ್ಲಿ ಚಿಕ್ಕಪ್ಪನ ಸ್ಕೂಟರಿನ ಸದ್ದು ಕೇಳಿಸಿತು. ಒಳಗೆ ಬಂದವರು ನನ್ನನ್ನು ನೋಡಿ, "ಸೆಲ್ಲಿನ ಮಾತು ತಗೀಬ್ಯಾಡ, ಇವತ್ತು ಮುಹೂರ್ತ ಇಲ್ಲ," ಎಂದರು ಮೊದಲೇ.

"ಇಲ್ಲ ಬಿಡ್ರಿ ಚಿಕ್ಕಪ್ಪ, ಮುಂದ ನೋಡೋಣ," ಎಂದೆ. ನಾನು ಇಷ್ಟು ಸುಲಭಕ್ಕೆ ಒಪ್ಪಿದ್ದಕ್ಕೆ ಅವರಿಗೇ ಆಶ್ಚರ್ಯವಾಗಿರಬೇಕು.

ಗೋಡೆಯ ಸ್ವಿಚ್ ಹಾಕಿದರು. ಕರೀ ಪರದೆ ಬಂತು, ಬಿಳೀ ಅಕ್ಷರ ಬಂದವು. "ಏ ಇವಳೇ, ನಿನ್ನ ಅಪ್ಪಣಿ ಬೇಕಂತ ನೋಡು ಇದಕ್ಕ," ಎಂದು ಕೂಗಿ, ಆಕೆ ಕೈ ಎತ್ತುವ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ನನ್ನ ಎದುರು ಕೂತರು. ಆವತ್ತೇ ನಾನು ಗಮನಿಸಿದ್ದು: ಅವರು ಯಾವತ್ತೂ ಆಕೆಯನ್ನು ನೋಡುತ್ತಾ ನಿಂತವರಲ್ಲ. ಯಾರಾದರೂ ನೋಡುತ್ತಿದ್ದರೆ ಆ ಕೈ ಹೆದರುತ್ತಿತ್ತು.

ಕೂತವರೇ ಜೋರು ದನಿಯಲ್ಲಿ ನನ್ನ ಮೇಲೆ ಏರಿ ಬಂದರು. "ಏನಲೇ ತಮ್ಮಾ, ನಿಮ್ಮ ಸಾಲಿ ರಿಸಲ್ಟ್ ಯಾಕ ಹಂಗಾತು?" ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ದೇಶನೂರಿನ ಭತ್ತಕ್ಕೆ ಹಾರಿತು. ಅಲ್ಲಿಂದ ಕಾಲುವೆ ನೀರಿಗೆ, ಕಾಲುವೆಯಿಂದ ಸಿರುಗುಪ್ಪ ಬಸ್ಸಿನ ಕಂಡಕ್ಟರನಿಗೆ. ಒಂದಕ್ಕೊಂದು ಸಂಬಂಧವಿಲ್ಲ. ನಾನೂ ಏನೇನೋ ಉತ್ತರ ಕೊಡುತ್ತಿದ್ದೆ. ಅವರ ಹೆಗಲ ಮೇಲಿಂದ ಚಿಕ್ಕಮ್ಮನ ಬೆರಳು ಕಾಣುತ್ತಿತ್ತು. ಗುಂಡಿಯ ಹತ್ತಿರ ಬಂತು, ಜಾರಿತು, ಮತ್ತೆ ಬಂತು. ಎದ್ದು ಹೋಗಿ ಒತ್ತಿಬಿಡೋಣ ಎಂದು ನನ್ನ ಜೀವ ಚಡಪಡಿಸುತ್ತಿತ್ತು. ನನ್ನ ಕೈ ನಾನೇ ಹಿಡಿದುಕೊಂಡು ಕೂತೆ.

ಟಕ್ ಎಂದಿತು. ಚಿಕ್ಕಪ್ಪನ ಬೈಗುಳ ಅರ್ಧಕ್ಕೇ ನಿಂತಿತು.

"ಆತೇನ?" ಎಂದು ಕೇಳಿದರು, ಹಿಂದೆ ತಿರುಗದೆ.

"ಆತ್ರಿ," ಎಂದರು ಚಿಕ್ಕಮ್ಮ.

ಚಿಕ್ಕಪ್ಪನ ಮುಖ ನನ್ನ ಕಡೆಗಿತ್ತು. ಕಣ್ಣು ತುಂಬಿಕೊಂಡದ್ದು ಆಕೆಗೆ ಕಾಣಲಿಲ್ಲ.