ಉಡಿಯಲ್ಲಿ ಬಂದ ವೋಟು

ಅಲ್ಲಾ, ನೀವೇ ಹೇಳಿ, ಒಂದು ತಾಮ್ರದ ಕೊಡಕ್ಕಾಗಿ ಹನ್ನೆರಡು ವರ್ಷ ಸೊಸೆಯನ್ನು ಹಂಗಿಸುವ ಅತ್ತೆ ಎಲ್ಲಾದರೂ ಇರುತ್ತಾರೆಯೇ? ಇದ್ದಾರೆ, ನಮ್ಮ ಪಡಸಾಲೆಯಲ್ಲೇ ಇದ್ದಾರೆ! ಊಟಕ್ಕೆ ಕರೆದರೆ ಕಿವಿ ಕೇಳುವುದಿಲ್ಲ. "ವೋಟು" ಎಂದು ಪಿಸುಗುಟ್ಟಿದರೆ ಗೋಡೆಯ ಆಚೆಯಿಂದಲೂ ಕೇಳುತ್ತದೆ. ಅದಕ್ಕೇ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. ಇದನ್ನು ಬರೆದುಕೊಳ್ಳುತ್ತಿರುವವಳು ನನ್ನ ಮೊಮ್ಮಗಳು ಅನ್ನಮ್ಮ. ಶಾಲೆ ಕಲಿತವಳು, ನಾನು ಹೇಳಿದ್ದನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿದ್ದುತ್ತಾಳೆ. ತಿದ್ದಲಿ. ಜಗಳದ ಮಾತುಗಳನ್ನು ಮಾತ್ರ ಮುಟ್ಟಬೇಡ ಎಂದಿದ್ದೇನೆ. ತಿದ್ದಿದ ಜಗಳಕ್ಕೆ ರುಚಿ ಇರುವುದಿಲ್ಲ.

ನನ್ನ ಹೆಸರು ಪಂಪಮ್ಮ. ತವರು ಕಮಲಾಪುರ, ಗಂಡನ ಮನೆ ಈ ಆನೆಗೊಂದಿ. ನಡುವೆ ಇರುವುದು ಒಂದು ಹೊಳೆ, ಅಷ್ಟೇ. ದಂಡೆಯಲ್ಲಿ ನಿಂತು ಕೂಗಿದರೆ ಆಚೆ ಬಟ್ಟೆ ಒಗೆಯುವವರು ತಿರುಗಿ ನೋಡುತ್ತಾರೆ. ಆದರೆ ಆಗ ಅದು ಪರದೇಶ! ಈ ದಂಡೆ ನಿಜಾಮನದು, ಆ ದಂಡೆ ಇಂಗ್ರೇಜರದು. ನಾಣ್ಯ ಬೇರೆ, ಕಾಯ್ದೆ ಬೇರೆ. ದಾಟುವ ಮಾಲಿಗೆಲ್ಲ ಸುಂಕ. ನನ್ನ ಅಪ್ಪ ಸಾಯುವಾಗ ಕಮಲಾಪುರದ ಮನೆಯನ್ನೂ ಕಬ್ಬಿನ ಗದ್ದೆಯನ್ನೂ ಒಬ್ಬಳೇ ಮಗಳಾದ ನನ್ನ ಹೆಸರಿಗೆ ಬರೆದಿದ್ದ. ಇಂಗ್ರೇಜರ ಸೀಮೆಯಲ್ಲಿ ಕಂದಾಯ ಕಟ್ಟುವವರಿಗೆ ವೋಟಂತೆ. ಮೂವತ್ತೇಳನೆಯ ಇಸವಿಯ ಚುನಾವಣೆ ಬಂತು ನೋಡಿ, ನನಗೂ ಒಂದು ವೋಟು ಬಂತು!

ಇಡೀ ಆನೆಗೊಂದಿಯಲ್ಲಿ ಯಾರಿಗೂ ಇಲ್ಲದ್ದು. ನಿಜಾಮನ ಪ್ರಜೆಗಳಿಗೆ ಎಲ್ಲಿಯ ವೋಟು? ಊರ ಪಂಚರಲ್ಲಿ ಒಬ್ಬರಾದ ನಮ್ಮ ಮನೆಯವರಿಗೂ ಇಲ್ಲ. ಅದೇ ಅವರ ಹೊಟ್ಟೆಯುರಿ.

"ನಾನು ಹತ್ತು ಮಂದಿಗೆ ನ್ಯಾಯ ಹೇಳಾಂವ. ನನಗ ಇಲ್ಲದ ವೋಟು ನಿನಗ್ಯಾಕ?"

"ನಿಮ್ಮ ನಿಜಾಮನ್ನ ಕೇಳ್ರಿ."

"ನಿನ್ನ ಒಂದು ವೋಟಿಗೆ ಹೆದರಿ ಇಂಗ್ರೇಜರು ಗಂಟುಮೂಟಿ ಕಟ್ತಾರನು?"

"ಕಟ್ಟಲಿಲ್ಲಂದ್ರ ನನ್ನ ಹೆಸರು ಪಂಪಮ್ಮ ಅಲ್ಲ!"

ಹತ್ತು ವರ್ಷ ತಡವಾಯಿತು, ನಿಜ. ಆದರೂ ಕಟ್ಟಿದರಲ್ಲ?

ಅವತ್ತಿನಿಂದ ನಮ್ಮ ಮನೆಯಲ್ಲಿ ತಾಲೀಮು ಶುರು. ಕಮಲಾಪುರದಿಂದ ಬಂದವರು ಹೇಳಿದ್ದರು: ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಬಣ್ಣದ ಪೆಟ್ಟಿಗೆ, ಇಂಗ್ರೇಜರನ್ನು ಓಡಿಸಲು ನಿಂತ ನಮ್ಮವರದು ಹಳದಿ, ಸಾಹೇಬರು ಕೊಟ್ಟ ಕಾಗದವನ್ನು ಅದರ ಬಾಯಿಗೆ ಹಾಕಿದರೆ ಆಯಿತು. ನಾನು ಒಂದು ಎಣ್ಣೆ ಡಬ್ಬಿಗೆ ಅರಿಷಿಣ ಬಳಿದೆ. ಸೊಂಟದ ಎಲೆಅಡಿಕೆ ಸಂಚಿಯಲ್ಲಿ ಕಾಗದದ ಚೂರು ಮಡಚಿಟ್ಟುಕೊಂಡೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಏಳುವುದು, ಸಂಚಿಗೆ ಕೈ ಹಾಕುವುದು, ಡಬ್ಬಿಗೆ ಕಾಗದ ಬಿಡುವುದು! ಕಣ್ಣು ಮುಚ್ಚಿದರೂ ಕೈ ತಪ್ಪದಷ್ಟು ರೂಢಿಯಾಯಿತು. ಈ ರೂಢಿಯೇ ಮುಂದೆ ನನ್ನನ್ನು ಮುಳುಗಿಸಿತು, ಅದು ಆಮೇಲೆ.

ಅತ್ತೆಯವರು ಮೂರು ದಿನ ಈ ತಾಲೀಮು ನೋಡಿದರು. ನಾಲ್ಕನೆಯ ದಿನ ನೀರಿನ ತಾಮ್ರದ ಕೊಡ ತಂದು ನನ್ನ ಮುಂದೆ ಕುಕ್ಕಿದರು.

"ಸರಕಾರ ಮಾಡಾಕ ಹೊಂಟಾಕಿ, ಈ ಕೊಡದ ತೂತಿಗೆ ಬೆಸಗಿ ಹಾಕಿಸಿಕೊಂಡರ ಬಾ. ನಿನ್ನ ವೋಟಿನಿಂದ ಮನಿಗೆ ಅಷ್ಟರ ಉಪಯೋಗ ಆಗಲಿ. ಇದು ನಮ್ಮ ತವರ ಕೊಡ, ನೆನಪಿರಲಿ!"

ಸರಿ, ವೋಟಿನ ಹಿಂದಿನ ದಿನ ಕೊಡ ಹೊತ್ತು ಹೊಳೆಗೆ ಬಂದೆ. ದಂಡೆಯಲ್ಲಿ ಸುಂಕದ ನಾಕಾ, ಅಲ್ಲಿ ಉಮರಸಾಬ. ಒಳ್ಳೆಯ ಮನುಷ್ಯ, ಆದರೆ ಕಾಯ್ದೆ ಎಂದರೆ ಅವನಿಗೆ ಊಟಕ್ಕಿಂತ ಹೆಚ್ಚು.

"ಪಂಪಮ್ಮಕ್ಕಾ, ಚೀಟಿ ತಗೊಂಡು ಹೋಗ್ರಿ. ಚೀಟಿ ಇಲ್ಲದ ತಿರುಗಿ ಬಂತಂದ್ರ ಇದು ಪರದೇಶದ ಮಾಲಾಕ್ಕೈತಿ."

"ನಮ್ಮ ಮನಿ ಕೊಡ ಪರದೇಶದ್ದ್ಯಾಂಗ ಆಗ್ತೈತೋ?"

"ಹೊಳಿ ದಾಟಿದ ಮ್ಯಾಲ ಯಾರದೂ ಗುರ್ತು ಇರಂಗಿಲ್ರಿ. ಕಾಯ್ದೆ!"

ಹೀಗೆಂದು ಉರ್ದುವಿನಲ್ಲಿ ಬರೆದು, ಬರೆದದ್ದನ್ನು ಓದಿ ಹೇಳಿದ: "ಹಳೇ ತಾಮ್ರದ ಕೊಡ ಒಂದು. ತೂತು ಒಂದು." ಮೇಲೊಂದು ಮುದ್ರೆ ಗುದ್ದಿದ. ಚೀಟಿಯನ್ನು ಮಡಚಿ ಸಂಚಿಗೆ ಸೇರಿಸಿದೆ. ಹರಿಗೋಲಿನ ಗ್ಯಾನಪ್ಪ ನನ್ನನ್ನೂ ಕೊಡವನ್ನೂ ದಾಟಿಸಿದ.

ತವರಲ್ಲಿ ಒಂದು ರಾತ್ರಿ ಇದ್ದೆ. ಅವ್ವ ಹೋಳಿಗೆ ಮಾಡಿದ್ದಳು. ಆ ಹೋಳಿಗೆಯ ಮಾತು ಬೇರೆ, ಇಲ್ಲಿ ನಮ್ಮತ್ತೆ ಬೆಲ್ಲ ಹಾಕುವಾಗ ಕೈ... ಇರಲಿ, ಅನ್ನಮ್ಮಾ, ಇದನ್ನು ಬರೆಯಬೇಡ. ಬೆಳಿಗ್ಗೆ ಕಂಚಗಾರ ಕೊಡಕ್ಕೆ ಬೆಸುಗೆ ಹಾಕಿ, ಹುಣಸೆಹಣ್ಣಿನಿಂದ ತಿಕ್ಕಿ, ಮದುವೆ ಹೆಣ್ಣಿನಂತೆ ಮಾಡಿ ಕಳಿಸಿದ. ಅವ್ವ ಅವಸರ ಮಾಡಿದಳು.

"ಮಧ್ಯಾಹ್ನದ ಮ್ಯಾಲ ಗಳಿಗಿ ಛಲೋ ಇಲ್ಲ. ಈಗ ಉಡಿ ತುಂಬಿಸ್ಕೊಂಡು ಹೊರಬೀಳು. ವೋಟು ಹಾಕಿ ಅಲ್ಲಿಂದ ಹಂಗ ಹೊಳಿಗೆ ನಡಿ. ತಿರುಗಿ ಮನಿಗೆ ಬರಬ್ಯಾಡ."

ತವರಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆಅಡಿಕೆ ಹಾಕುವುದೇ ಉಡಿ. ಹಾಗೆ ಕೊಟ್ಟದ್ದನ್ನು ಕೈಯಲ್ಲಿ ಇಸಿದುಕೊಳ್ಳಬಾರದು, ಸೆರಗೊಡ್ಡಬೇಕು. ಒಮ್ಮೆ ಸೊಂಟಕ್ಕೆ ಸಿಕ್ಕಿಸಿದರೆ ಗಂಡನ ಮನೆಯ ದೇವರ ಜಗಲಿಯ ಮುಂದೆಯೇ ಬಿಚ್ಚಬೇಕು. ನಾನು ತುಂಬಿದ ಉಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡ ಬಗಲಲ್ಲಿಟ್ಟುಕೊಂಡು, ರಾಣಿಯ ಹಾಗೆ ಊರ ಶಾಲೆಗೆ ಹೋದೆ. ವೋಟು ಅಲ್ಲೇ.

ಮೇಜಿನ ಹಿಂದೆ ಒಬ್ಬ ಬಿಳಿ ರುಮಾಲಿನ ಸಾಹೇಬರು. ಹೆಸರು ಕೇಳಿದರು, ಹೇಳಿದೆ. ಕಾಗದ ಎತ್ತಿ ನನ್ನತ್ತ ಚಾಚಿದರು. ಅಯ್ಯೋ, ಅಲ್ಲೇ ನೋಡಿ ಆದದ್ದು! ನನಗೆ ಸಾಹೇಬರು ಕಾಣಲಿಲ್ಲ, ವೋಟು ಕಾಣಲಿಲ್ಲ. ತುಂಬಿದ ಉಡಿಯಲ್ಲಿ ನಿಂತಿದ್ದೇನೆ, ತವರೂರಿನ ಹಿರಿಯರೊಬ್ಬರು ಏನೋ ಕೊಡುತ್ತಿದ್ದಾರೆ, ಅಷ್ಟೇ ಕಂಡಿತು. ಕೊಡ ಕೆಳಗಿಟ್ಟು ಸೆರಗೊಡ್ಡಿದೆ.

"ನೀಡ್ರೆಪಾ."

ಅವರು ಕಣ್ಣು ಪಿಳಿಪಿಳಿ ಬಿಟ್ಟು ಕಾಗದವನ್ನು ಉಡಿಯೊಳಗೆ ಬಿಟ್ಟರು. ನಾನು ಅದನ್ನು ಅಕ್ಕಿಯ ಜೊತೆ ಸಿಕ್ಕಿಸಿಕೊಂಡು, ಬಗ್ಗಿ ನಮಸ್ಕಾರ ಮಾಡಿದೆ. ಪಾಪ, ಅವರು ಗಾಬರಿಯಾಗಿ, "ಆಯಿತು ತಾಯಿ, ಒಳಗೆ ಹೋಗಿರಿ" ಎಂದರು.

ಪರದೆಯ ಹಿಂದೆ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಹಳದಿ ಕಂಡದ್ದೇ ತಡ, ಮೈಯೆಲ್ಲ ರೋಮಾಂಚನ! ಒಂದು ವಾರದ ತಾಲೀಮಿನ ಕೈ ತಾನೇ ಸಂಚಿಗೆ ಹೋಯಿತು. ಮಡಚಿದ ಕಾಗದ ಸಿಕ್ಕಿತು. ಪೆಟ್ಟಿಗೆಯ ಬಾಯಿಗೆ ಬಿಟ್ಟೆ. ಆ ಸಪ್ಪಳ ಈಗಲೂ ಕಿವಿಯಲ್ಲಿದೆ. ಆ ಗಳಿಗೆಯಲ್ಲಿ ಲಂಡನ್ನಿನಲ್ಲಿ ದೊರೆಗೆ ಬಿಕ್ಕಳಿಕೆ ಬಂದಿರಬೇಕು ಎಂದುಕೊಂಡೆ!

ಹರಿಗೋಲಿನಲ್ಲಿ ಗ್ಯಾನಪ್ಪ ಕೇಳಿದ: "ಹೆಂಗಾತ್ರಿ ಅಮ್ಮಾರ?"

"ಆತು! ಇಂಗ್ರೇಜರ ಕಥಿ ಮುಗೀತು, ತಿಳ್ಕೋ."

"ನನ್ನ ಹರಗೋಲಕ್ಕ ಏನರ ಅನುಕೂಲ ಆಕ್ಕೈತೇನ್ರಿ?"

"ಹೊಸಾ ತೊಗಲು ಹಾಕಸ್ತೀನಿ ಬಿಡು!"

ವೋಟು ಹಾಕಿ ಇನ್ನೂ ಕೈ ಆರಿಲ್ಲ, ಆಗಲೇ ಆಶ್ವಾಸನೆ ಕೊಡತೊಡಗಿದ್ದೆ.

ಈ ದಂಡೆಯಲ್ಲಿ ನಮ್ಮ ಮನೆಯವರು ಕರೆದುಕೊಂಡು ಹೋಗಲು ಬಂದು ನಿಂತಿದ್ದರು. ಪಕ್ಕದಲ್ಲಿ ಉಮರಸಾಬ, ಹೊಳೆಯುವ ಕೊಡವನ್ನೇ ನೋಡುತ್ತಿದ್ದ.

"ಚೀಟಿ?"

ಸಂಚಿಗೆ ಕೈ ಹಾಕಿದೆ. ಎಲೆ ಇತ್ತು, ಅಡಿಕೆ ಇತ್ತು, ಸುಣ್ಣದ ಡಬ್ಬಿ ಇತ್ತು. ಚೀಟಿ ಇಲ್ಲ!

"ಅಕ್ಕಾ, ನಾನು ತೂತಿನ ಕೊಡ ಕಳಿಸೀನಿ. ಇದರಾಗ ತೂತು ಎಲ್ಲೈತಿ?"

"ಮುಚ್ಚಿಸ್ಕೊಂಡು ಬರಾಕ ಹೋಗಿದ್ನೆಲ್ಲೋ!"

"ಹಂಗಂತ ಚೀಟ್ಯಾಗ ತೋರಸ್ರಿ."

ಚೀಟಿ ಉಡಿಯಲ್ಲಿ ಸೇರಿರಬೇಕು ಎಂದುಕೊಂಡು, ಜಗಲಿಯ ಮುಂದೆ ಬಿಚ್ಚಬೇಕಾದ ಉಡಿಯನ್ನು ನಾಕಾದ ಮುಂದೆ ಬಿಚ್ಚಿದೆ. ಅಕ್ಕಿ ಮರಳಿಗೆ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿತು. ಕೊನೆಗೆ ಒಂದು ಕಾಗದ ಬಿತ್ತು. ಉಮರಸಾಬ ಎತ್ತಿ, ತಿರುಗಿಸಿ ಮುರುಗಿಸಿ ನೋಡಿದ.

"ಇದು ನನ್ನ ಮುದ್ರಿ ಅಲ್ರಿ."

ನಾನು ನೋಡಿದೆ. ಮರಳಲ್ಲೇ ಕೂತು ಅದನ್ನು ತೊಡೆಯ ಮೇಲೆ ಬಿಡಿಸಿ ಮತ್ತೆ ನೋಡಿದೆ. ಅದು ನನ್ನ ವೋಟು! ಹಳದಿ ಪೆಟ್ಟಿಗೆಗೆ ಬಿದ್ದದ್ದು ತೂತು ಕೊಡದ ಚೀಟಿ!

ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ವೋಟು ಹಾಕಿ ಬಾ ಅಂದ್ರ ವೋಟು ತಗೊಂಡು ಬಂದೀಯಲ್ಲ! ಅದೂ ನಿಜಾಮನ ರಾಜ್ಯಕ್ಕ! ಇಲ್ಲಿ ಯಾವ ಪೆಟ್ಟಿಗ್ಯಾಗ ಹಾಕ್ತಿ, ಎಣ್ಣಿ ಡಬ್ಬ್ಯಾಗ?"

ಆ ನಗು ಕೇಳಿ ನನಗೆ ರೋಷ ಬಂತು. ಎದ್ದು ನಿಂತೆ. "ಗ್ಯಾನಪ್ಪಾ, ಹರಗೋಲ ತಿರುಗಿಸು!"

ಹರಿಗೋಲು ಅವಸರವಾದಷ್ಟೂ ಗಿರಗಿರನೆ ತಿರುಗುತ್ತದೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ. ಒಮ್ಮೆ ಆನೆಗೊಂದಿ ಕಾಣುತ್ತದೆ, ಒಮ್ಮೆ ಹಂಪಿ ಕಾಣುತ್ತದೆ, ಒಮ್ಮೆ ನಗುತ್ತಿರುವ ಗಂಡ ಕಾಣುತ್ತಾರೆ! ಅಂತೂ ದಾಟಿದೆ. ನನ್ನನ್ನು ಹೊಳೆಯವರೆಗೆ ತಂದುಬಿಟ್ಟ ತವರಿನ ಗಾಡಿಯ ಎತ್ತುಗಳು ಇನ್ನೂ ಅಲ್ಲೇ ನೀರು ಕುಡಿಯುತ್ತಿದ್ದವು. ಹತ್ತಿ ಓಡಿಸಿದೆ. ಹಾದಿಯಲ್ಲಿ ಅವ್ವ ಬಾಗಿಲಲ್ಲಿ ನಿಂತು ಎದೆಗೆ ಕೈ ಹಚ್ಚಿಕೊಂಡಳು.

"ಯವ್ವಾ, ಉಡಿ ತುಂಬಿಸ್ಕೊಂಡು ಹೋದಾಕಿ ಅವತ್ತ ತವರಿಗೆ ತಿರುಗಿ ಬರ್ತಾಳೇನ?"

"ತವರಿಗೆ ಬಂದಿಲ್ಲವ್ವಾ, ವೋಟಿಗೆ ಬಂದೀನಿ!" ಎಂದು ಗಾಡಿಯಿಂದಲೇ ಕೂಗಿದೆ.

ಶಾಲೆ ತಲುಪಿದಾಗ ಬಾಗಿಲು ಅರ್ಧ ಹಾಕಿತ್ತು. ಸಾಹೇಬರು ಹಳದಿ ಪೆಟ್ಟಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು.

"ಸಾಹೇಬ್ರ, ವೋಟು ಹಾಕೋದು ಉಳದೈತಿ!"

"ನೀವು ಹಾಕಿ ಹೋದಿರಲ್ಲ ತಾಯಿ?"

"ಅದು ಕೊಡದ ಚೀಟಿರಿ. ಇದು ವೋಟು."

"ವೋಟಿನ ಹೊತ್ತು ಮುಗಿಯಿತು. ಹೊರಗೆ ಹೋಗಿಬಂದ ಕಾಗದ ನಡೆಯುವುದೂ ಇಲ್ಲ."

"ಹಂಗಾರ ನನ್ನ ಚೀಟಿ ತಗದು ಕೊಡ್ರಿ. ಅತ್ತಿ ಕೊಡ ನಾಕಾದಾಗ ಕುಂತೈತಿ!"

"ಮುದ್ರೆ ಬಿದ್ದ ಪೆಟ್ಟಿಗೆಯನ್ನು ಬಿಚ್ಚುವ ಅಧಿಕಾರ ನನಗಿಲ್ಲ ತಾಯಿ. ಕಾಯ್ದೆ!"

ಆ ದಂಡೆಯಲ್ಲೂ ಒಬ್ಬ ಉಮರಸಾಬ!

ಕತ್ತಲಾಗುವಾಗ ಖಾಲಿ ಉಡಿ, ಖಾಲಿ ಬಗಲು, ಕೈಯಲ್ಲೊಂದು ವೋಟು ಹಿಡಿದು ಮನೆ ಸೇರಿದೆ. ಉಡಿಯಲ್ಲಿ ಬಂದದ್ದಲ್ಲವೇ, ಅದನ್ನು ದೇವರ ಜಗಲಿಯ ಮೇಲಿಟ್ಟೆ. ಚೀಟಿ ತನ್ನಿ, ಇಲ್ಲವೇ ಹೊಸ ಕೊಡದ ಸುಂಕ ಕಟ್ಟಿ ಎಂದ ಉಮರಸಾಬ. ನಮ್ಮ ಕೊಡಕ್ಕೆ ನಾವೇ ಸುಂಕ ಕಟ್ಟುವುದೇ? ಆಗದು ಎಂದರು ನಮ್ಮ ಮನೆಯವರು. ಕೊಡ ನಾಕಾದಲ್ಲೇ ಉಳಿಯಿತು, ದಾಟುವ ಮಂದಿಗೆ ಕುಡಿಯುವ ನೀರು ತುಂಬಿಕೊಂಡು.

ಎಣಿಕೆಯ ದಿನದ ಸುದ್ದಿಯನ್ನು ಗ್ಯಾನಪ್ಪ ತಂದ. ಹಳದಿ ಪೆಟ್ಟಿಗೆಯಲ್ಲಿ ಉರ್ದು ಚೀಟಿ ಸಿಕ್ಕಿತಂತೆ. ಓದಿಸಿದರೆ "ಹಳೇ ಕೊಡ ಒಂದು, ತೂತು ಒಂದು"! ನಮ್ಮ ಉಮೇದುವಾರನನ್ನು ತೂತು ಕೊಡ ಎಂದವರು ಯಾರು ಎಂದು ಅಲ್ಲಿ ತೋಳೇರಿಸಿ ನಿಲ್ಲುವವರೆಗೂ ಹೋಯಿತಂತೆ. ಆದರೂ ಗೆದ್ದದ್ದು ಹಳದಿಯೇ, ಅದೂ ರಾಶಿಗಟ್ಟಲೆ ವೋಟಿನಿಂದ! ನಾನು ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದೆ.

"ನೋಡಿದ್ರೆನು? ನಾವು ಗೆದ್ವಿ!"

ನಮ್ಮ ಮನೆಯವರು ಅಡಿಕೆ ಕತ್ತರಿಸುತ್ತ ತಲೆ ಎತ್ತದೆ ಹೇಳಿದರು: "ಹೌದು. ನಿನ್ನ ವೋಟು ಜಗಲಿ ಮ್ಯಾಲ ಕುಂತಿತ್ತು, ಅಂವ ಗೆದ್ದ. ಈ ಎಲೆಕ್ಷನ್ನದಾಗ ಸೋತಿದ್ದು ನಮ್ಮವ್ವನ ಕೊಡ ಒಂದ!"



ಈಗ ನಿಜಾಮನ ಆಳ್ವಿಕೆಯೂ ಹೋಯಿತು. ಇನ್ನು ಮೇಲೆ ಈ ದಂಡೆಯವರಿಗೂ ವೋಟಂತೆ, ನಮ್ಮ ಮನೆಯವರಿಗೂ ಅಂತೆ, ಅತ್ತೆಯವರಿಗೂ ಅಂತೆ! ಆದರೆ ಕೊಡ ಕೊಡು ಎಂದು ಉಮರಸಾಬನನ್ನು ಕೇಳಿದರೆ ಈಗಲೂ ಒಂದೇ ಮಾತು: "ಸರಕಾರ ಬದಲಾಗೈತ್ರಿ, ಚೀಟಿ ಬದಲಾಗಿಲ್ಲ."

ಅದಕ್ಕೇ ನಿಮಗೆ ಇಷ್ಟು ಹೇಳಿದ್ದು. ನೀವು ಹೊಳೆಯ ಆಚೆಗೆ ಹೋಗುವವರಾದರೆ ಈ ವೋಟು ತೆಗೆದುಕೊಂಡು ಹೋಗಿ. ಜಗಲಿಯ ಹೊಗೆಗೆ ಸ್ವಲ್ಪ ಕಪ್ಪಾಗಿದೆ, ಅಷ್ಟೇ. ಆ ಹಳದಿ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ, ಇದನ್ನು ಹಾಕಿ, ನನ್ನ ಚೀಟಿಯನ್ನು ಇಸಿದುಕೊಂಡು ಬನ್ನಿ. ಮತ್ತೆ ನೋಡಿ, ಅದನ್ನು ಕೈಯಲ್ಲೇ ಹಿಡಿದುಕೊಳ್ಳಿ!