ಬೀದರಿನಿಂದ ಸಮುದ್ರಕ್ಕೆ ಐದು ಮಂದಿ ಮತ್ತು ನಾನು

ನಮ್ಮ ಕಡೆಯವರನ್ನು ಸಮುದ್ರದ ತನಕ ನಡೆಸುವ ಕೆಲಸ ಹಿಡಿದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೀದರಿನಲ್ಲಿ ರೈಲು ಹತ್ತುವಾಗಲೇ ಅದು ನಮ್ಮ ಜೊತೆ ಹತ್ತಿರುತ್ತದೆ.

ನಾನು ನಡಿಗೆ ಟೂರಿನ ಗೈಡ್. ಬೀದರ್, ಭಾಲ್ಕಿ, ಔರಾದ್ ಕಡೆಯ ಮಂದಿಯನ್ನು ಕಟ್ಟಿಕೊಂಡು ಹೋಗಿ, ಐದು ದಿನದಲ್ಲಿ ಬೆಟ್ಟ ಹತ್ತಿಸಿ, ಮಳೆಕಾಡು ದಾಟಿಸಿ, ಸಮುದ್ರ ಮುಟ್ಟಿಸಬೇಕು. ಹೇಳುವುದಕ್ಕೆ ಇಷ್ಟೇ. ಮೂರು ಗುಂಪು ಕರೆದುಕೊಂಡು ಹೋದೆ, ಒಂದೂ ಮುಟ್ಟಲಿಲ್ಲ. ಮೊದಲನೆಯದು ಜಿಗಣೆ ಕಂಡ ದಿನವೇ ತಿರುಗಿ ಬಂತು. ಎರಡನೆಯದು ಬೆಟ್ಟದ ಬುಡದ ಚಹಾ ಅಂಗಡಿಯಲ್ಲಿ ಕುಳಿತಿದ್ದು ಏಳಲೇ ಇಲ್ಲ. ಮೂರನೆಯದರ ಕಥೆಯೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಮಾಲೀಕರು ಕರೆಸಿದರು.

"ಇದು ಕಡೀ ಸಲ ನೋಡ್ರಿ. ಮಂದಿ ನಡಕೋತ ಸಮುದ್ರ ಮುಟ್ಟಬೇಕು. ದಂಡಿ ಮ್ಯಾಲ ಝಂಡಾ ಹಿಡಕೊಂಡು ಫೋಟೋ ಬರಬೇಕು. ಇಲ್ಲಾಂದ್ರ ನಿಮ್ಮನ್ನ ಮತ್ತ ಬಸ್ ಟೂರಿಗಿ ಹಾಕ್ತೇನಿ."

ಬಸ್ ಟೂರಿನಲ್ಲಿ ನಾನು ಎಂಟು ವರ್ಷ ಕಳೆದಿದ್ದೇನೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ವಾಂತಿ ಮಾಡುವವರಿಗೆ ಕೊಡುವ ಪ್ಲಾಸ್ಟಿಕ್ ಚೀಲಗಳು. ಅಲ್ಲಿಗೆ ಮತ್ತೆ ಹೋಗುವುದೆಂದರೆ ನನಗೆ ಜೀವವೇ ಹೋದಷ್ಟು ಬೇಸರ. ನಾಲ್ಕನೆಯ ಗುಂಪಿಗೆ ಐದು ಜನ ಸಿಕ್ಕರು. ಅವರ ಕಾಲುಗಳ ಮೇಲೆ ನನ್ನ ಬಾಳು ನಿಂತಿತ್ತು.

ಟವೆಲ್ ಜಪ್ತಿ

ನಮ್ಮ ಕಡೆ ಬಸ್ ಬಂದರೆ ಮೊದಲು ಒಳಗೆ ಹೋಗುವುದು ಮನುಷ್ಯನಲ್ಲ, ಟವೆಲ್ಲು. ಸಂತಪುರ ಇರಲಿ, ಠಾಣಾ ಕುಶನೂರ ಇರಲಿ, ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆಯಬೇಕು. ಅದು ಬಿದ್ದ ಸೀಟು ನಮ್ಮದು. ಇದನ್ನು ಯಾರೂ ಕಲಿಸುವುದಿಲ್ಲ. ತಾಯಿಯ ಕಂಕುಳಲ್ಲಿದ್ದಾಗಿನಿಂದ ನೋಡಿ ಬಂದಿರುತ್ತದೆ.

ಮೂರನೆಯ ಗುಂಪು ಹಾಳಾದದ್ದು ಹೀಗೆ. ನಾಲ್ಕನೆಯ ದಿನ ಕಾಡಿನ ನಡುವೆ ಒಂದು ಡಾಂಬರು ರಸ್ತೆ ದಾಟುತ್ತಿದ್ದೆವು. ಬಸ್ ಬಂತು. ಯಾರೋ ಒಬ್ಬರ ಟವೆಲ್ ಹಾರಿತು. ಅದನ್ನು ಕಂಡು ಉಳಿದವರ ಟವೆಲ್ಲುಗಳೂ ಹಾರಿದವು. ಟವೆಲ್ ಹೋದ ಮೇಲೆ ಮನುಷ್ಯರು ಹೋಗಲೇಬೇಕಲ್ಲ, ಎಲ್ಲರೂ ಹೋದರು. ಬಸ್ ಎಲ್ಲಿಗೆ ಹೊರಟಿದೆ ಎಂದು ಒಬ್ಬರೂ ಕೇಳಲಿಲ್ಲ. ಸೀಟು ಸಿಕ್ಕಿತ್ತು, ಅಷ್ಟೇ.

ಅದಕ್ಕೇ ಈ ಸಲ ಬೀದರ್ ಸ್ಟೇಷನ್ನಿನಲ್ಲೇ ಐವರನ್ನೂ ಸಾಲಾಗಿ ನಿಲ್ಲಿಸಿ ಟವೆಲ್ ಕಿತ್ತುಕೊಂಡೆ. ಭಾಲ್ಕಿಯ ನಿವೃತ್ತ ಹೆಡ್‌ಮಾಸ್ತರರು ಕೊಟ್ಟರು. ಅವರ ಹೆಂಡತಿ, ನಾವೆಲ್ಲ ಬಾಯಾರು ಅನ್ನುತ್ತಿದ್ದೆವು, ಅವರೂ ಕೊಟ್ಟರು. ಬಿದರಿ ಹೂಜಿ, ತಟ್ಟೆ ಮಾಡುವ ಉಸ್ತಾದರು ಕೊಟ್ಟರು. ಎಕಂಬಾ ಕಡೆಯ ಕುರಿ ಸಾಕುವ ಕಾಕಾ ಹೆಗಲಿನಿಂದ ತೆಗೆದುಕೊಟ್ಟರು. ಬೀದರಿನಲ್ಲಿ ಖಾನಾವಳಿ ನಡೆಸುವ ಅಕ್ಕ ಮಾತ್ರ ಜಗಳಕ್ಕೆ ನಿಂತರು.

"ಮತ್ತ ಮಾರಿ ಹ್ಯಾಂಗ ಒರಸ್ಕೋಬೇಕ್ರಿ?"

"ಗಾಳಿಗಿ ಹಿಡೀರಿ ಅಕ್ಕಾ. ಸಮುದ್ರ ಮುಟ್ಟಿದ ಮ್ಯಾಲ ವಾಪಸ್ ಕೊಡ್ತೇನಿ."

ಐದರ ಜೊತೆ ನನ್ನದನ್ನೂ ಸೇರಿಸಿ, ಆರನ್ನೂ ಒಂದೇ ಗಂಟು ಕಟ್ಟಿ ನನ್ನ ಚೀಲದ ತಳಕ್ಕೆ ಹಾಕಿದೆ. ಹೆಡ್‌ಮಾಸ್ತರರು ರಸೀದಿ ಕೇಳಿದರು. ರೈಲು ಸಿಳ್ಳೆ ಹಾಕುತ್ತಿರುವಾಗ ನಾನು ಬರೆದುಕೊಟ್ಟೆ: 'ಹಸಿರು ಅಂಚಿನ ಟವೆಲ್ ಒಂದು, ತೂತು ಎರಡು.' ಅವರು ಕನ್ನಡಕ ಹಾಕಿಕೊಂಡು ಓದಿ, ಒಂದು ತೂತು ಹೊಡೆದುಹಾಕಿ ರುಜು ಮಾಡಿಸಿಕೊಂಡರು.

ಬೆಟ್ಟ

ಅಕ್ಕ ಒಂದು ಡಬ್ಬಿಯ ತುಂಬ ಕಡಕ್ ರೊಟ್ಟಿ ತಂದಿದ್ದರು. ಜೊತೆಗೆ ಶೇಂಗಾ ಹಿಂಡಿ, ಖಾರಬ್ಯಾಳಿ, ಮೊಸರು ಬೇರೆ. ಬೆಟ್ಟದ ಮೊದಲ ತಿರುವಿನಲ್ಲೇ ಅವರಿಗೆ ಏದುಸಿರು ಹತ್ತಿತು. "ಭಾರ ಕಡಿಮೆ ಮಾಡ್ಬೇಕು ಅಕ್ಕಾ" ಎಂದೆ. ನಾನು ಹೇಳಿದ ಅರ್ಥ ಬೇರೆ. ಅಕ್ಕ ಅಲ್ಲೇ ಬಂಡೆಯ ಮೇಲೆ ಡಬ್ಬಿ ಬಿಚ್ಚಿ ಎಲ್ಲರನ್ನೂ ಕೂರಿಸಿದರು. ಖಾನಾವಳಿಯವರು ಬಡಿಸಲು ನಿಂತರೆ ಸಾಕು ಅನ್ನುವವನಿಗೆ ಇನ್ನೆರಡು ಬೀಳುತ್ತವೆ. ಒಂದು ತಾಸಿನ ಮೇಲೆ ನೋಡಿದರೆ ಹೆಡ್‌ಮಾಸ್ತರರು ಬೂಟು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು.

"ಡಬ್ಬಿ ಹಗೂರ ಆತ್ರಿ ಸರ," ಎಂದರು ಅಕ್ಕ. "ಈಗ ಮಂದಿ ಭಾರ ಆಗ್ಯಾರ."

ಅಂತೂ ಮರುದಿನ ಮಧ್ಯಾಹ್ನ ತುದಿ ಮುಟ್ಟಿದೆವು. ಅಲ್ಲಿಂದ ಏಳು ಸಾಲು ಬೆಟ್ಟ ಕಾಣುತ್ತವೆ, ಜೀವಮಾನದಲ್ಲಿ ಮರೆಯಬಾರದ ನೋಟ ಎಂದು ಎರಡು ದಿನದಿಂದ ಹೇಳುತ್ತ ಬಂದಿದ್ದೆ. ಆ ಆಸೆಯ ಮೇಲೆಯೇ ಅವರು ಹತ್ತಿದ್ದು. ತುದಿಯಲ್ಲಿ ಮಂಜು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಅರ್ಧ ತಾಸು ಕಾದೆವು. ಮಂಜು ಇನ್ನಷ್ಟು ದಟ್ಟವಾಯಿತು. ನನಗೆ ಅಳು ಬರುವಂತಾಯಿತು.

ಬಾಯಾರು ಸುತ್ತ ನಿಧಾನಕ್ಕೆ ಕತ್ತು ತಿರುಗಿಸಿ ನೋಡಿದರು. ಆಮೇಲೆ ಗಂಡನಿಗೆ, "ನಮ್ಮ ಭಾಲ್ಕಿ ಮನಿ ಮಾಳಿಗಿ ಮ್ಯಾಲಿಂದ ಎದುರು ಮನಿಯವರ ಹಪ್ಪಳ ಆದ್ರೂ ಕಾಣ್ತಾವ" ಎಂದರು.

ಮಳೆ ಕಾಣದ ಮಣ್ಣು

ಮೂರನೆಯ ದಿನ ಕಾಡು. ಇಲ್ಲಿ ಉಸ್ತಾದರ ಕಸುಬಿನ ಮಾತು ಸ್ವಲ್ಪ ಹೇಳಬೇಕು. ಬಿದರಿ ಸಾಮಾನಿಗೆ ಆ ಕಪ್ಪು ಬಣ್ಣ ಬರುವುದು ಕೋಟೆಯ ಹಳೆಯ ಮಣ್ಣಿನಿಂದ. ಬಹಳ ಕಾಲ ಬಿಸಿಲು, ಮಳೆ ಎರಡೂ ಬೀಳದ ಮಣ್ಣೇ ಆಗಬೇಕು. ಅದನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಉಸ್ತಾದರ ಅಜ್ಜನೂ ಹಾಗೆಯೇ ಆರಿಸಿದ್ದು. ಊರು ಬಿಟ್ಟು ಬಂದರೂ ನಾಲಿಗೆ ಸುಮ್ಮನಿರಬೇಕಲ್ಲ.

ಅವರು ಹತ್ತು ಹೆಜ್ಜೆಗೊಮ್ಮೆ ಬಗ್ಗಿ, ಚಿಟಿಕೆ ಮಣ್ಣು ಬಾಯಿಗಿಟ್ಟು, ಉಗುಳುತ್ತಿದ್ದರು. "ನಕ್ಕೋ, ಬ್ಯಾಡ. ಮಳಿ ಬಿದ್ದದ." ಮತ್ತೆ ಹತ್ತು ಹೆಜ್ಜೆ. "ಇದೂ ನಕ್ಕೋ. ಇದಕ್ಕೂ ಮಳಿ ಬಿದ್ದದ."

"ಉಸ್ತಾದ್, ಇದು ಮಳೆಕಾಡು" ಎಂದೆ.

"ಇರ್ಲಿ ಸಾಬ್. ಇಷ್ಟು ದೊಡ್ಡ ಕಾಡಿನಾಗ ಎಲ್ಲೋ ಒಂದು ಕಡಿ ಮಳಿ ಬೀಳಲಾರದ ಜಾಗ ಇದ್ದೇ ಇರ್ತದ."

ಇದನ್ನು ಹೇಳುವಾಗ ಮಳೆ ಧೋ ಎಂದು ಸುರಿಯುತ್ತಿತ್ತು. ನಾಲ್ವರು ಮರದ ಕೆಳಗೆ ನಡುಗುತ್ತ ನಿಂತಿದ್ದರು. ಉಸ್ತಾದರು ಬಂಡೆಗಳ ಸಂದಿಯಲ್ಲಿ ತಲೆ ತೂರಿಸಿ ಹುಡುಕುತ್ತಲೇ ಇದ್ದರು. ಎರಡು ತಾಸು ಹೋಯಿತು. ಅಷ್ಟರಲ್ಲಿ ಕೊಡೆ ಹಿಡಿದ ಅರಣ್ಯದ ವಾಚರ್ ಒಬ್ಬ ಬಂದ. ನೆನೆದು ತೊಪ್ಪೆಯಾದ ವಯಸ್ಸಾದ ಮನುಷ್ಯ ಮೊಣಕಾಲೂರಿ ಮಣ್ಣು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿದ. ಆಮೇಲೆ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ.

"ನೀವಾ ಗೈಡು?"

"ಹೌದು."

ಅವನು ತನ್ನ ಬುತ್ತಿಯ ಡಬ್ಬಿ ತೆಗೆದು ಉಸ್ತಾದರ ಮುಂದಿಟ್ಟು, ನನ್ನ ಕಡೆ ತಿರುಗಿ, "ಕರ್ಕೊಂಡು ಬಂದ ಮೇಲೆ ಊಟ ಹಾಕ್ಬೇಕು ಸಾರ್" ಎಂದ.

ಉಸ್ತಾದರು ಅನ್ನವನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳಿದರು: "ಇದು ಚೊಲೋ ಅದ."

ಕಾಕಾ ನೋಡಿದ ಕಾಲು

ಜಿಗಣೆಗೆ ನಾನು ಉಪ್ಪು, ಎಣ್ಣೆ, ಉದ್ದ ಕಾಲುಚೀಲ ಎಲ್ಲ ತಂದಿದ್ದೆ. ಕಾಕಾ ಅವನ್ನೆಲ್ಲ ಮೂಸಿ ನೋಡಿ ಬದಿಗಿಟ್ಟರು. ಕುರಿಗೆ ಉಣ್ಣೆ ಹುಳ ಹತ್ತಿದರೆ ನೋಡುವ ಹಾಗೆ ನೋಡಿದರಾಯಿತು ಎಂದರು. ಮೂರನೆಯ ದಿನ ಸಂಜೆಯೇ ಡೇರೆಯ ಮುಂದೆ ಒಬ್ಬೊಬ್ಬರನ್ನೇ ಹಿಡಿದು ಕೂರಿಸಿ, ಪಾದ ಎತ್ತಿ, ಬೆರಳ ಸಂದಿ ಬಿಡಿಸಿ, ಕಿವಿ ಮಡಚಿ ನೋಡಿದರು. ಹೆಡ್‌ಮಾಸ್ತರರು ಒದ್ದಾಡಿದಾಗ ಅವರನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದರು.

"ನಾ ಮೂವತ್ತು ವರ್ಷ ಸಾಲಿ ನಡಸೀನಿ!" ಎಂದು ಮಾಸ್ತರರು ಕೂಗಿದರು.

"ಆಗ್ಲಿರಿ. ಹಲ್ಲು ತೋರಸ್ರಿ" ಎಂದರು ಕಾಕಾ.

ಅಂದಿನಿಂದ ಗುಂಪು ನನ್ನ ಮಾತು ಕೇಳುವುದನ್ನು ಬಿಟ್ಟಿತು. ನಾನು ಸೀಟಿ ಊದಿದರೆ ಒಬ್ಬರೂ ಏಳುತ್ತಿರಲಿಲ್ಲ. ಕಾಕಾ ಹಿಂದೆ ನಿಂತು ಕೋಲಿನಿಂದ ನೆಲ ತಟ್ಟಿ "ಹುರ್ರ್" ಅಂದರೆ ಐವತ್ತೆಂಟರ ಬಾಯಾರೂ ಗಡಬಡಿಸಿ ಎದ್ದು ನಡೆಯುತ್ತಿದ್ದರು. ನನಗೆ ಮುಖವಿಲ್ಲದಂತಾಯಿತು. ಆದರೂ ಮಂದಿ ನಡೆಯುತ್ತಿದ್ದಾರಲ್ಲ, ಸಮುದ್ರ ಹತ್ತಿರ ಬರುತ್ತಿದೆಯಲ್ಲ ಎಂದು ಅವಮಾನ ನುಂಗಿಕೊಂಡೆ.

ಗುಂಪಿನಲ್ಲಿ ಕುಂಟುತ್ತಿದ್ದವನು ನಾನೊಬ್ಬನೇ. ಎಡ ಮೊಣಕಾಲು ಊದಿತ್ತು. ಕಾಕಾ ನನ್ನ ಕಾಲನ್ನೂ ಎತ್ತಿ ನೋಡಿ ಕೆಳಗಿಟ್ಟರು.

"ಹೆಂಗದ ಕಾಕಾ?"

"ಸರ, ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಹಿಂಡಿನಾಗ ಹಿಂಗ ಆದದ್ದು ನಾವು ಸಂತಿಗಿ ಕಳಿಸಿಬಿಡ್ತೇವಿ."

ಹೆದ್ದಾರಿ

ಐದನೆಯ ದಿನ ಬೆಳಗ್ಗೆ ಕಾಡು ಮುಗಿಯಿತು. ಗಾಳಿಯಲ್ಲಿ ಉಪ್ಪಿನ ವಾಸನೆ. ಹೆದ್ದಾರಿಯೊಂದನ್ನು ದಾಟಿ ಅರ್ಧ ತಾಸು ನಡೆದರೆ ಸಮುದ್ರ. ಐವರೂ ಇದ್ದರು, ಐವರೂ ನಡೆಯುತ್ತಿದ್ದರು. ಆದರೆ ಹೆದ್ದಾರಿ ಎಂದರೆ ಬಸ್ಸು.

ರಸ್ತೆಯ ಪಕ್ಕದ ಮರದ ಕೆಳಗೆ ಅವರನ್ನು ನಿಲ್ಲಿಸಿದೆ. "ಬಸ್ ಬಂದ್ರ ಯಾರೂ ನೋಡಬಾರ್ದು" ಎಂದೆ.

"ಮತ್ತ ಕಣ್ಣು ಮುಚ್ಕೋಬೇಕೇನ್ರಿ?" ಎಂದರು ಹೆಡ್‌ಮಾಸ್ತರರು.

"ಮುಚ್ಕೋರಿ. ನಾ ಹೇಳೋತನಕ ತೆರೀಬ್ಯಾಡ್ರಿ."

ಐವರೂ ಕಣ್ಣು ಮುಚ್ಚಿದರು. ಸಮುದ್ರ ಮುಟ್ಟಿದ ಕೂಡಲೇ ಕೊಡೋಣ ಎಂದು ಟವೆಲ್ಲುಗಳ ಗಂಟನ್ನು ಚೀಲದಿಂದ ಹೊರಗೆ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಮಾಲೀಕರ ಝಂಡಾ. ರಸ್ತೆ ಖಾಲಿ ಇದೆಯೇ ಎಂದು ನೋಡಲು ಅಂಚಿಗೆ ಬಂದು ನಿಂತೆ.

ತಿರುವಿನಲ್ಲಿ ಬಸ್ ಬಂತು. ವೇಗ ಕಡಿಮೆ ಮಾಡಿತು. ಕಿಟಕಿ ತೆರೆದಿತ್ತು.

ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ, ನನ್ನ ಕೈಯನ್ನು ಕೇಳಿ. ಗಂಟು ಕಿಟಕಿಯೊಳಗೆ ಹೋಯಿತು. ಅದರ ಹಿಂದೆ ಝಂಡಾ ಹೋಯಿತು. ಅವುಗಳ ಹಿಂದೆ, ಊದಿದ ಮೊಣಕಾಲು ಎಳೆದುಕೊಂಡು ಓಡಿ, ಬಾಗಿಲಿನಿಂದ ನಾನೂ ಹೋದೆ. ಟವೆಲ್ ವಾಪಸ್ ತರಲು ಹತ್ತಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಹತ್ತಿದವನು ಗಂಟು ಸರಿಸಿ ಕುಳಿತುಕೊಂಡೆ. ಐದು ದಿನದ ಮೇಲೆ ಮೆತ್ತನೆಯ ಸೀಟು ಸಿಕ್ಕಿತ್ತು. "ಅಬ್ಬಾ" ಎಂದೆ.

ಕಂಡಕ್ಟರ್ ಸೀಟಿ ಊದಿದ. ಬಸ್ ಹೊರಟಿತು. ಆಗ ಎಚ್ಚರವಾಯಿತು. ಎದ್ದು ನಿಂತು ಸುತ್ತ ನೋಡಿದರೆ ಬಸ್ಸಿನಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನೂ ಇರಲಿಲ್ಲ.

"ಎಂತ ಮಾರಾಯ್ರೆ," ಎಂದ ಕಂಡಕ್ಟರ್, ಗಂಟು ಎತ್ತಿ ನೋಡುತ್ತ. "ಬಸ್ಸಿಡೀ ಖಾಲಿ ಉಂಟು. ಆರು ಟವೆಲ್ ಎಂತಕ್ಕೆ?"

"ನಿಲ್ಲಸ್ರಿ! ಇಳೀಬೇಕು!"

"ಎಕ್ಸ್‌ಪ್ರೆಸ್ ಇದು. ಇನ್ನು ಸೇತುವೆ ದಾಟಿ ಪೇಟೆಯಲ್ಲೇ ನಿಲ್ಲುವುದು."

ಹಿಂದಿನ ಗಾಜಿನಲ್ಲಿ ಮರ ಸಣ್ಣದಾಗುತ್ತಿತ್ತು. ಅದರ ಕೆಳಗೆ ಐವರೂ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಐದು ದಿನದಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಪೇಟೆಯಿಂದ ಆಟೋ ಹಿಡಿದು ನಾನು ಸಮುದ್ರದ ದಂಡೆಗೆ ಬರುವಾಗ ಅವರು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದರು. ಬಸ್ಸಿನ ಸದ್ದು ಅಡಗಿದ ಮೇಲೆ ಕಾಕಾ ಒಂದು ಕಣ್ಣು ತೆರೆದು ನೋಡಿದರಂತೆ, ನಾನಿರಲಿಲ್ಲವಂತೆ, "ಹುರ್ರ್" ಅಂದರಂತೆ. ಝಂಡಾ ನನ್ನ ಹತ್ತಿರ ಇದ್ದದ್ದರಿಂದ ಕೋಲಿಗೆ ಕಂಬಳಿ ಕಟ್ಟಿ ಎತ್ತಿ ಹಿಡಿದು, ಫೋಟೋ ತೆಗೆದು ಮಾಲೀಕರಿಗೆ ಕಳಿಸಿಯೂ ಆಗಿತ್ತು. ಫೋನ್ ಬಂತು.

"ಶಾಬಾಸ್! ಎಲ್ಲಾರೂ ನಡಕೋತ ಮುಟ್ಯಾರ! ಆದ್ರ ಫೋಟೋದಾಗ ನೀವು ಎಲ್ಲಿ?"

ಉಸ್ತಾದರಿಗೆ ನನ್ನ ಮೇಲೆ ಕನಿಕರ ಬಂದು ಫೋನ್ ಇಸಿದುಕೊಂಡರು.

"ಸಾಬ್, ಗೈಡ್ ಸಾಬ್ ಬಸ್ಸಿನಾಗ ಬಂದಾರ. ಅವರಿಗಿ ಏನೂ ಅನಬ್ಯಾಡ್ರಿ. ಬಹಳ ಚೊಲೋ ಮನಸ್ಯಾ. ನಮ್ಮ ಎಲ್ಲಾರ್ದೂ ಸೀಟ್ ಹಿಡದಿದ್ರು."

ನಡಿಗೆ ಟೂರು ಬಂದ್ ಆಗಲಿಲ್ಲ. ಈಗ ಅದನ್ನು ಕಾಕಾ ನಡೆಸುತ್ತಾರೆ. ಎರಡು ಗುಂಪು ಸಮುದ್ರ ಮುಟ್ಟಿ ಬಂದಿವೆ. ನಾನು ಮತ್ತೆ ಬಸ್ ಟೂರಿನಲ್ಲಿದ್ದೇನೆ, ಮೈಕು ಮತ್ತು ಚೀಲಗಳ ಜೊತೆ.

ಮೊನ್ನೆ ಎರಡೂ ಟೂರು ಒಂದೇ ಬೆಳಗ್ಗೆ ಹೊರಟವು. ಕಾಕಾ ತಮ್ಮ ಹೊಸ ಗುಂಪಿನ ಟವೆಲ್ ಜಪ್ತಿ ಮಾಡುತ್ತಿದ್ದವರು ನನ್ನ ಬಸ್ಸಿನ ಕಿಟಕಿಗೆ ಬಂದು ಕೈ ಚಾಚಿದರು.

"ಸರ, ನಿಮ್ಮದು ಕೊಡ್ರಿ."

"ನಾ ಬಸ್ಸಿನಾಗೇ ಹೊಂಟೀನಲ್ಲ ಕಾಕಾ. ನಂದ್ಯಾಕ?"

"ನಮ್ಮ ಮಂದಿ ನೋಡ್ಲತ್ತಾರ್ರಿ. ನಿಮ್ಮಂಥವರು ಕೊಟ್ರ ಅವರೂ ಕೊಡ್ತಾರ."

ಸೀಟಿನ ಮೇಲೆ ಹಾಸಿದ್ದ ಟವೆಲ್ ಎತ್ತಿ ಕೊಟ್ಟೆ. ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಡ್ರೈವರ್ ಪಕ್ಕದ ನನ್ನ ಸೀಟಿನ ಮೇಲೆ ಬೇರೆ ಯಾರದೋ ಟವೆಲ್ ಇತ್ತು.