ಬೆಂಗಳೂರಿನ ಅವ್ವ, ಕೋಸಗಿಯ ಟಗರು

ಕುರಿ ದತ್ತು ಕೊಡಿಸುವ ಕೆಲಸಕ್ಕೆ ಕೈ ಹಾಕಿದರೆ ಇಂಥವು ಆಗುತ್ತಲೇ ಇರುತ್ತವೆ. ಈ ದತ್ತಿನ ವಿಷಯ ನನಗೆ ಮೊದಲು ಹೇಳಿದವರು ಆದೋನಿಯ ನಿವೃತ್ತ ದನದ ಡಾಕ್ಟರು, ನಮ್ಮ ಮಾವನವರ ಗೆಳೆಯರು.

"ನಮ್ಮ ಕಡಿ ಕರಿ ಉಣ್ಣಿ ಕುರಿ ಹೊಂಟೇಬಿಟ್ಟಾವಮ್ಮ. ಎಲ್ಲಾರೂ ಮಾಂಸಕ್ಕಂತ ನೆಲ್ಲೂರು ಟಗರು ಬಿಡ್ತಾರ. ಪ್ಯಾಟಿ ಮಂದಿ ಒಂದೊಂದು ದತ್ತು ತಗೊಂಡು ಮೇವು, ಔಷಧದ ಖರ್ಚು ನೋಡ್ಕೊಂಡ್ರ ಕುರಿಯವರು ಮಾರದ ಇಟ್ಕೋತಾರ. ನೀನು ನಡುವ ನಿಂತು ಸುದ್ದಿ ಮುಟ್ಟಿಸು, ಸಾಕು" ಅಂದರು. ಎಂ.ಎ. ಮಾಡಿ ಮನೆಯಲ್ಲಿ ಕೂತವಳು ನಾನು. ಎದ್ದು ನಡುವೆ ನಿಂತೆ.

ಮುಂಜಿ

ಮೊದಲ ವಿಘ್ನ ಅಡುಗೆಮನೆಯಲ್ಲೇ. ನಮ್ಮದು ಈರುಳ್ಳಿಯನ್ನೂ ಯೋಚಿಸಿ ಒಳಗೆ ಬಿಡುವ ವೈಷ್ಣವರ ಮನೆ, ಮಾವನವರು ಪುರೋಹಿತರು. ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿದರು:

"ದತ್ತು ಅಂದ್ರ ಶಾಸ್ತ್ರ ಪ್ರಕಾರಾನೋ?"

"ಅಲ್ರೀ ಅತ್ತಿ, ಬರೇ ಸಾಕೋ ಖರ್ಚು."

"ಹಂಗಾದ್ರ ಸರಿ." ಸಾರಿನ ಮೇಲೆ ತಟ್ಟೆ ಮುಚ್ಚಿದರು. "ಇಲ್ಲಾಂದ್ರ ನಾಳೆ ಟಗರಿಗೆ ಮುಂಜಿ ಮಾಡ್ರಿ ಅಂತ ಬಂದ್ರ ನಿಮ್ಮ ಮಾವನವರು ಇಲ್ಲ ಅನ್ನೋರಲ್ಲ."

ನಾಲ್ಕು ತೋಳು

ಕೋಸಗಿಯ ಒಬ್ಬ ಕುರಿಗಾಹಿಯ ಹಟ್ಟಿಯಲ್ಲಿ ಕರಿಯ ಅಂತ ಒಂದು ಟಗರಿತ್ತು. ಮೈತುಂಬ ಕಪ್ಪು ಉಣ್ಣೆ. ಆ ಸುತ್ತಿನಲ್ಲಿ ಉಳಿದಿದ್ದ ಅಪ್ಪಟ ಕರಿ ಟಗರು ಅದೊಂದೇ. ಅದು ಹೋದರೆ ತಳಿಯೇ ಹೋದಂತೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ದತ್ತು ತೆಗೆದುಕೊಂಡವರು ಬೆಂಗಳೂರಿನ ಒಬ್ಬ ನಿವೃತ್ತ ಟೀಚರಮ್ಮ. ಉಣ್ಣೆ ಕತ್ತರಿಸಿದ ದಿನ ಫೋಟೊ ಕಳಿಸಿದೆ. ಕೂಡಲೇ ಫೋನು ಬಂತು.

"ಏನಮ್ಮ ಇದು, ಮಗು ಬರಿಮೈಯಲ್ಲಿದೆ?"

"ಕಂಬಳಿಗೆ ಅಂತ ಕತ್ತರಿಸ್ತಾರೆ ಮೇಡಂ. ಮತ್ತೆ ಬೆಳೀತದೆ."

"ಅಲ್ಲೀವರೆಗೂ?"

ಕೆಲವು ದಿನಕ್ಕೆ ಪಾರ್ಸಲ್ ಬಂತು. ಒಳಗೆ ಕೈಯಲ್ಲೇ ಹೆಣೆದ, ನಾಲ್ಕು ತೋಳಿನ ಸ್ವೆಟರ್. ಒಯ್ದು ಕೊಟ್ಟೆ. ಮುಂದಿನ ಸಲ ಹೋದಾಗ ಅದು ಕುರಿಗಾಹಿಯ ಮೈಮೇಲಿತ್ತು. ಹೆಚ್ಚಿನ ಎರಡು ತೋಳು ಹೊಟ್ಟೆಯ ಹತ್ತಿರ ಜೋತಾಡುತ್ತಿದ್ದವು.

"ಟಗರು ಒಲ್ಲೆ ಅಂತ್ರಿ" ಅಂದ. "ಈ ತೋಳಿನಾಗ ಎಲಿ ಅಡಿಕಿ ಇಟ್ಟೀನಿ. ಇನ್ನೊಂದರಾಗ ಏನಿಡಬೇಕಂತ ಅವ್ವಾರನ್ನ ಕೇಳ್ರಿ."

ದೇವಿಗೆ ಹೇಳಿದ ಮಾತು

ಟೀಚರಮ್ಮನಿಗೆ ಹೃದಯದ ಆಪರೇಷನ್ ಎಂದಾಯಿತು. ಆಸ್ಪತ್ರೆಯಿಂದಲೇ ಕುರಿಗಾಹಿಗೆ ಫೋನು ಮಾಡಿ, "ನಿಮ್ಮೂರ ದೇವಿಗೆ ನನಗೋಸ್ಕರ ಒಂದು ಮಾತು ಹೇಳಪ್ಪ" ಅಂದರಂತೆ. ಪುಣ್ಯಾತ್ಮ ಹೇಳಿದ. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದವರು ಮೊದಲು ಕೇಳಿದ್ದು ಕರಿಯನ ಫೋಟೊ. ನಾನು ಕೋಸಗಿಗೆ ಹೋದೆ. ಹಟ್ಟಿಯಲ್ಲಿ ಕರಿಯ ಕಾಣಲಿಲ್ಲ.

"ಅವ್ವಾರು ಪರವಾಲೇದೇನ್ರಿ?" ಅಂದ ಕುರಿಗಾಹಿ.

"ಆರಾಮ ಅದಾರ. ಕರಿಯ ಎಲ್ಲಪ್ಪ?"

"ಹರಕಿ ಹೊತ್ತಿದ್ನಲ್ರಿ. ಅವ್ವಾರು ಉಳಿದ್ರು, ದೇವಿಗೆ ಒಪ್ಪಿಸಿದೆ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. "ನಿನ್ನ ಹತ್ರ ಬ್ಯಾರೆ ಕುರಿ ಇದ್ದಿಲ್ಲೇನು?"

"ಇದ್ದವು. ಅವರ ಜೀವಕ್ಕ ನನ್ನ ಕುರಿ ಕೊಟ್ರ ದೇವಿ ಹೆಂಗ ಒಪ್ತಾಳ್ರಿ? ಅವರದು ಅಂತ ಇದ್ದದ್ದು ಅದೊಂದೇ." ತಲೆ ಬಗ್ಗಿಸಿದ. "ಊರೆಲ್ಲ ಉಂಡಿತ್ರಿ. ನನಗ ತುತ್ತು ಇಳೀಲಿಲ್ಲ."

ಹಟ್ಟಿಯ ಮೂಲೆಯಲ್ಲಿ ಯಾರದೋ ನೆಲ್ಲೂರು ಟಗರು ತಂದು ಕಟ್ಟಿದ್ದ. ಆಮೇಲೆ ಹುಟ್ಟಿದ ಮರಿಗಳೆಲ್ಲ ಉದ್ದ ಕಾಲಿನವು. ಒಂದರ ಮೈಮೇಲೂ ಕಂಬಳಿಗಾಗುವ ಉಣ್ಣೆಯಿಲ್ಲ.

ಟೀಚರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾನು ಸರ್ಜನ್ನಿಗೆ ಹಾರ ಹಾಕಿ ಬಂದೆನಲ್ಲಮ್ಮ" ಅಂದರು. ಮತ್ತೆ ಕುರಿಯ ಮಾತು ಎತ್ತಲಿಲ್ಲ.

ಕುರಿಗಾಹಿ ಮಾತ್ರ ನನ್ನನ್ನು ಸ್ಟೇಷನ್ನಿನ ತನಕ ಬಿಡಲು ಬಂದವನು ಹೇಳಿ ಕಳಿಸಿದ್ದ: "ಅವ್ವಾರಿಗೆ ಇನ್ನೊಂದು ದತ್ತು ತಗೊಳ್ಳಾಕ ಹೇಳ್ರಿ. ಹಾರ್ಟಿನ ಜಡ್ಡು ಹೇಳಾಕ ಬರಂಗಿಲ್ಲ, ಕೈಯಾಗ ಒಂದು ಇದ್ರ ಚೊಲೊ."

ಕುರಿ ದತ್ತು ತೆಗೆದುಕೊಳ್ಳುವವರು ಯಾರಾದರೂ ನಿಮಗೆ ಸಿಕ್ಕರೆ ಈ ಒಂದು ಮಾತು ದಾಟಿಸಿ: ನೆಗಡಿಯಾದರೂ ಡಾಕ್ಟರಿಗೆ ಹೇಳಿ, ಕುರಿಗಾಹಿಗೆ ಮಾತ್ರ ಹೇಳಬೇಡಿ.